ಕಾಡಿನ ಪ್ರೀತಿಗೆ ಸಂಬಳ ಬೇಡವೇ?

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಬೆಂಗಳೂರು, ಮೈಸೂರಿನಿಂದೆಲ್ಲ ಯುವಕ, ಯುವತಿಯರು ಹೋಗಿ ಅರಣ್ಯ ಸಿಬ್ಬಂದಿ ಜೊತೆ ನಿಂತು ಬೆಂಕಿ ಆರಿಸಿದರು. ‘ಈಗಿನ ಹುಡುಗರಿಗೆ ಮೊಬೈಲ್ ಬಿಟ್ಟು ಬೇರೇನೂ ಬೇಡ’ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಅವರನ್ನು ಅಲ್ಲಿಗೆ ಎಳೆದದ್ದೇನು? ಸಫಾರಿ ಹುಚ್ಚು, ಹುಲಿ ಫೋಟೊದ ಮೋಹ ಅಂತ ಹೇಳಿಬಿಡೋದು ಸುಲಭ. ನನಗೆ ಹಾಗನ್ನಿಸೋದಿಲ್ಲ. ಅಲ್ಲಿ ಕೈಗೊಂದು ಕೆಲಸವಿತ್ತು, ಫಲ ಕಣ್ಣೆದುರೇ ಕಾಣುತ್ತಿತ್ತು. ಎಂಜಿನಿಯರಿಂಗ್ ಓದಿದ ನನಗೆ ಈ ಸೆಳೆತ ಅರ್ಥವಾಗುತ್ತೆ: ಬರೆದ ಕೋಡ್ ಯಾರಿಗೆ ಉಪಯೋಗವಾಯ್ತೋ ತಿಳಿಯಲ್ಲ, ಆರಿದ ಬೆಂಕಿ ತಿಳಿಯುತ್ತೆ. ಪರಿಸರ ದಿನದ ಭಾಷಣಕ್ಕೆ ಸಿಗದ ಹುಡುಗರು ಇಂಥ ಕೆಲಸಕ್ಕೆ ಸಿಗ್ತಾರೆ.

ಆದರೆ ‘ಯುವಜನ’ ಅಂದಾಗ ನಮ್ಮ ಕಣ್ಣಿಗೆ ಬರೋದು ನಗರದವರು ಮಾತ್ರ. ರಾಜ್ಯದಲ್ಲಿ 2022ರ ಅಂದಾಜಿನಂತೆ 563 ಹುಲಿ, 2023ರ ಲೆಕ್ಕದಂತೆ 6,395 ಆನೆಗಳಿವೆ. ನಗರದಲ್ಲಿ ಇದಕ್ಕೆ ಚಪ್ಪಾಳೆ. ರಾಗಿ ಹೊಲ ಕಾಯಲು ರಾತ್ರಿ ಅಟ್ಟಣೆ ಹತ್ತುವ ಕಾಡಂಚಿನ ಹುಡುಗನಿಗೆ ಅದೇ ನಿದ್ದೆಗೇಡು. ಬೇಸಿಗೆಯ ಹಂಗಾಮಿ ಬೆಂಕಿ ವಾಚರ್‌ಗಳು ಬರೋದೂ ಆ ಊರುಗಳಿಂದ, ಆದಿವಾಸಿ ಹಾಡಿಗಳಿಂದಲೇ. ನಗರದವರು ಎರಡು ದಿನ ದುಡಿದು ಮನೆಗೆ ಮರಳುತ್ತಾರೆ. ಮಳೆ ಬೀಳೋವರೆಗೂ ಕಾಡು ಕಾಯೋರು ಇವರು.

ಇವರಿಗೂ ಕಾಡಿನ ಮೇಲೆ ಪ್ರೀತಿಯಿದೆ. ಪ್ರೀತಿ ಇದೆ ಅಂತ ಸಂಬಳ ತಡಮಾಡುವಂತಿಲ್ಲ. ತಿಂಗಳು ತಪ್ಪದ ವೇತನ, ವಿಮೆ, ಬೆಳೆನಷ್ಟಕ್ಕೆ ಬೇಗ ಪರಿಹಾರ ಸಿಕ್ಕರೆ ಆ ಹುಡುಗ ಕಾಡಿನ ಪರ ಉಳಿಯುತ್ತಾನೆ. ಬೆಂಕಿ ಆರಿಸಲು ಹೋದ ನಗರದ ಗೆಳೆಯರು ಇದಕ್ಕೂ ದನಿ ಎತ್ತಲಿ.