ಆಲೆಮನೆ ಹೊಗೆ, ರಾಕೆಟ್ ಬೆಂಕಿ

ಮಕ್ಕಳೇ, ಮೊನ್ನೆ ಮದ್ದೂರಿನ ಹತ್ತಿರದ ಆಲೆಮನೆಯೊಂದಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಲೆಗೆ ಒಣಸಿಪ್ಪೆ ತುರುಕಿದಾಗಲೆಲ್ಲ ಕಪ್ಪು ಹೊಗೆ ಮೇಲೆದ್ದು, ಸುರುಳಿ ಸುತ್ತುತ್ತಾ ಅಗಲವಾಗಿ, ಗಾಳಿಯಲ್ಲಿ ಕರಗಿಹೋಗುತ್ತಿತ್ತು.

"ತಾತ, ಟಿ.ವಿ.ಲಿ ನೋಡಿದ ರಾಕೆಟ್ ಬೆಂಕಿ ಉದ್ದಕ್ಕೆ ಗೆರೆ ಎಳೆದಂಗಿತ್ತು. ಈ ಹೊಗೆ ಮಾತ್ರ ಯಾಕೆ ಇಷ್ಟು ಬೇಗ ಹರಡ್ಕೊಳ್ಳುತ್ತೆ?" ಅಂದಳು.

ನನಗೆ ಬೆಲ್ಲ ಬಾಯಲ್ಲೇ ಉಳಿಯಿತು. ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆರೆದುಕೊಂಡ ಪ್ರಶ್ನೆ ಅದು.

ಹೊಗೆಯ ದೊಡ್ಡ ಸುರುಳಿ ಒಡೆದು ಚಿಕ್ಕದಾಗುತ್ತದೆ, ಚಿಕ್ಕದು ಇನ್ನೂ ಚಿಕ್ಕದಾಗುತ್ತದೆ. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯ ಕೆಳಗೆ ನೀರು ಹೊರಳಾಡುವುದೂ ಹೀಗೆಯೇ. ಇದಕ್ಕೆ ಪ್ರಕ್ಷುಬ್ಧ ಹರಿವು ಎಂದು ಹೆಸರು. ಒಂದೊಂದು ಸುರುಳಿಯನ್ನೂ ಲೆಕ್ಕ ಹಾಕುತ್ತಾ ಕೂತರೆ ದೊಡ್ಡ ಕಂಪ್ಯೂಟರಿಗೂ ಮುಗಿಯುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಅಂದಾಜಿನ ಸೂತ್ರ ಕಟ್ಟುತ್ತಾರೆ. ಅದೇ 'ಮಾದರಿ'.

ಹಳೆಯ ಮಾದರಿಗಳು ಗಾಳಿ ಅದುಮಿಕೊಳ್ಳುವುದಿಲ್ಲ ಎಂದು ನಂಬಿದ್ದವು. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ತಳ್ಳಿ ನೋಡಿ, ಗಾಳಿ ಚೆನ್ನಾಗಿಯೇ ಅದುಮಿಕೊಳ್ಳುತ್ತದೆ. ಆದರೆ ಬಯಲಲ್ಲಿ ನಿಧಾನವಾಗಿ ಹೋಗುವ ಹೊಗೆಗೆ ಗಾಳಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ವೇಗ ಶಬ್ದದ ವೇಗದ ಹತ್ತಿರ ಬಂದಾಗ ಸರಿಯಲು ಪುರಸೊತ್ತೇ ಇರುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಅಂದರೆ ಮದ್ದೂರಿನಿಂದ ಮಂಡ್ಯಕ್ಕೆ ಹೆಚ್ಚುಕಡಿಮೆ ಒಂದೇ ನಿಮಿಷ!

ಅಷ್ಟು ವೇಗದ ಅನಿಲ ಸುತ್ತಲ ಗಾಳಿಯೊಂದಿಗೆ ಕಡಿಮೆ ಬೆರೆಯುತ್ತದೆ. ಅನಿಲಗಳ ಸಾಂದ್ರತೆಯ ವ್ಯತ್ಯಾಸವೇ ಇದಕ್ಕೆ ಕಾರಣವಿರಬೇಕು ಎಂದುಕೊಂಡಿದ್ದರು. ಅಮೆರಿಕದಲ್ಲಿ ಬ್ರೌನ್ ಮತ್ತು ರಾಷ್ಕೋ ಹಗುರ ಹೀಲಿಯಂ, ಭಾರದ ನೈಟ್ರೋಜನ್ ಎರಡನ್ನೂ ನಿಧಾನವಾಗಿ ಹರಿಸಿ ನೋಡಿದರು. ಬೆರಕೆ ಅಷ್ಟೇನೂ ಕಡಿಮೆಯಾಗಲಿಲ್ಲ. ಕಾರಣ ಅದುಮಿಕೊಳ್ಳುವ ಗುಣವೇ ಎಂದು 1974ರಲ್ಲಿ ಬರೆದರು. ಈ ರಾಷ್ಕೋ, ನಮ್ಮ ಸತೀಶ್ ಧವನ್ ಇಬ್ಬರೂ ಲೀಪ್‌ಮನ್ ಎಂಬ ಒಬ್ಬರೇ ಗುರುವಿನ ಶಿಷ್ಯರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಶಬ್ದಕ್ಕಿಂತ ವೇಗದ ಗಾಳಿಸುರಂಗ ಕಟ್ಟಿಸಿದವರು ಧವನ್.

ಇನ್ನು ಸ್ವಾರಸ್ಯ ಕೇಳಿ. 1990ರ ಸುಮಾರಿಗೆ ಮಾದರಿಗಳನ್ನು ತಿದ್ದಿದರು. ಅದುಮಿಕೊಳ್ಳುವಾಗ ಸುರುಳಿಗಳ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ ಎಂದು ಒಂದು ಬಾಬತ್ತು ಸೇರಿಸಿದರು. ಉತ್ತರ ಹೊಂದಿಕೆಯಾಯಿತು! ಆಮೇಲೆ ಕಂಪ್ಯೂಟರಿನಲ್ಲಿ ಸಣ್ಣ ಜಾಗದ ಹರಿವನ್ನು ಸುರುಳಿ ಸುರುಳಿಯಾಗಿ ಪೂರ್ತಿ ಲೆಕ್ಕ ಹಾಕಿದಾಗ, ಆ ಪೋಲು ತೀರಾ ಅತ್ಯಲ್ಪ ಎಂದು ಗೊತ್ತಾಯಿತು. ಸುರುಳಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಒತ್ತಡದ ಮೂಲಕ. ಆ ಸುದ್ದಿ ಓಡುವುದು ಶಬ್ದದ ವೇಗದಲ್ಲಿ. ಹರಿವೇ ಅಷ್ಟು ಜೋರಾದರೆ ಸುದ್ದಿ ಸಮಯಕ್ಕೆ ತಲುಪದು, ಸುರುಳಿಗಳಿಗೆ ಹೊಸ ಶಕ್ತಿಯೂ ಸಿಗದು. ಪರೀಕ್ಷೆಯಲ್ಲಿ ಉತ್ತರ ಸರಿ ಬರೆದು ಹಂತಗಳನ್ನು ತಪ್ಪು ಮಾಡಿದ ಹಾಗೆ. ನಾನಾಗಿದ್ದರೆ ಎರಡು ಅಂಕ ಕಳೆಯುತ್ತಿದ್ದೆ.

ಉತ್ತರ ಬಂದರೆ ಸಾಲದೇ? ಸಾಲದು. 2016ರ ಆಗಸ್ಟ್ 28ರಂದು ಇಸ್ರೋ ಶ್ರೀಹರಿಕೋಟಾದಿಂದ ಸ್ಕ್ರಾಮ್‌ಜೆಟ್ ಎಂಜಿನ್ ಹಾರಿಸಿ 5 ಸೆಕೆಂಡು ಉರಿಸಿತು. ಅದರೊಳಗೂ ಗಾಳಿ ಶಬ್ದಕ್ಕಿಂತ ವೇಗವಾಗಿಯೇ ನುಗ್ಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಜಲಜನಕ ಆ ಗಾಳಿಯಲ್ಲಿ ಬೆರೆತು ಹೊತ್ತಿಕೊಳ್ಳಬೇಕು. ಹಂತ ತಪ್ಪಿದ ಲೆಕ್ಕ ಹಳೆಯ ಪ್ರಯೋಗಕ್ಕೆ ಹೊಂದಿಕೊಂಡರೂ ಹೊಸ ಎಂಜಿನ್ನಿಗೆ ಕೈಕೊಡಬಹುದು. ಬೆಂಕಿ ಆರಿದರೆ ಅಷ್ಟೂ ಶ್ರಮ ಸಮುದ್ರದ ಪಾಲು.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನನ್ನ ಎಲೆಯಲ್ಲಿದ್ದ ಬೆಲ್ಲ ಮೊಮ್ಮಗಳ ಹೊಟ್ಟೆ ಸೇರಿತ್ತು. "ತಾತ, ಸುರುಳಿಗಳು ಮಾತಾಡೋದು ನಮಗೆ ಕೇಳಿಸುತ್ತಾ?" ಎಂದು ಇನ್ನೊಂದು ಪ್ರಶ್ನೆ ಎಸೆದಳು. ಅದು ಮುಂದಿನ ವಾರಕ್ಕೆ.