ದೊಡ್ಡ ಬಕೆಟ್ಟಿಗೆ ಹೆಚ್ಚು ಚಿನ್ನವೇ?

ಸಣ್ಣದೊಂದು ಚಿನ್ನದ ಗಣಿಗೆ ಕೈಹಾಕುವವರು ಮೊದಲು ವಿಚಾರಿಸುವುದು ಹಿಟಾಚಿಯ ಗಾತ್ರವನ್ನು. ಹೆಚ್ಚು ಮಣ್ಣೆತ್ತಿದರೆ ಹೆಚ್ಚು ಚಿನ್ನ ಎಂಬ ನಂಬಿಕೆ ಅದರ ಹಿಂದಿದೆ. ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದು ಅರ್ಧ ಲೆಕ್ಕ.

ಒಂದು ಘನ ಮೀಟರ್ ಬಕೆಟ್ಟು 20 ಸೆಕೆಂಡಿಗೊಮ್ಮೆ ತುಂಬಿ ಸುರಿದರೆ ಗಂಟೆಗೆ 180 ಘನ ಮೀಟರ್. ಬಿಡುವು, ಓಡಾಟ ಕಳೆದು ಅರ್ಧ ಹಿಡಿದರೂ 90. ಮಣ್ಣು ತೊಳೆಯುವ ಯಂತ್ರಕ್ಕೆ 30ರಷ್ಟೇ ಸಾಮರ್ಥ್ಯವಿದ್ದರೆ ಉಳಿದದ್ದು ರಾಶಿ ಬೀಳುತ್ತದೆ, ಇಲ್ಲವೇ ಹಿಟಾಚಿ ಸುಮ್ಮನೆ ನಿಲ್ಲುತ್ತದೆ. ಚಿನ್ನದ ಪದರದ ಮೇಲೆ ಬರಿಮಣ್ಣು ದಪ್ಪವಾಗಿದ್ದರೆ ದೊಡ್ಡ ಯಂತ್ರವೇ ಸರಿ, ಒಪ್ಪುತ್ತೇನೆ. ಆದರೆ ಆ ದಪ್ಪವನ್ನು ಗುಂಡಿ ತೋಡಿ ಅಳೆದ ಮೇಲಲ್ಲವೇ ಹಾಗೆನ್ನಬೇಕು?

ಅಗೆತವೊಂದೇ ಸಾಲದು ಎಂಬುದಕ್ಕೆ ಅಮೆರಿಕದ ನಾರ್ತ್ ಕೆರೊಲಿನಾದ ರೀಡ್ ಗಣಿಯನ್ನು ನೋಡಿ. 1799ರಲ್ಲಿ ಹುಡುಗ ಕಾನ್ರಾಡ್ ರೀಡ್‌ಗೆ ಹಳ್ಳದಲ್ಲಿ 17 ಪೌಂಡಿನ ಚಿನ್ನದ ಗಟ್ಟಿ ಸಿಕ್ಕಿತು. 1803ರಲ್ಲಿ ಪೀಟರ್ ಎಂಬ ಗುಲಾಮನ ಕೈಗೆ 28 ಪೌಂಡಿನದು. ಆಗ ಹಳ್ಳದ ಜಲ್ಲಿಯನ್ನು ಅಗೆದು, ತೊಳೆದು, ಆರಿಸಿದರೆ ನಡೆಯುತ್ತಿತ್ತು. 1831ರಲ್ಲಿ ನೆಲದಡಿಯ ಬೆಣಚುಕಲ್ಲಿಗೆ ಇಳಿದ ಮೇಲೆ ಅಗೆತ ಮಾತ್ರ ಸಾಲದಾಯಿತು; ಕಲ್ಲನ್ನು ಪುಡಿ ಮಾಡದೆ ಚಿನ್ನ ಬಿಡಲಿಲ್ಲ. ಇಂದು ಅಲ್ಲಿ ಪ್ರವಾಸಿಗರು ನೋಡುವ, 1895ರಲ್ಲಿ ಶಾರ್ಲಟ್‌ನಲ್ಲಿ ತಯಾರಾದ ಕುಟ್ಟುಯಂತ್ರ ಅದಕ್ಕೆ ಸಾಕ್ಷಿ.

ಎರಡನೆಯ ನಂಬಿಕೆ, ಒಂದು ಜೆಸಿಬಿ ಇದ್ದರೆ ಎಲ್ಲ ಕೆಲಸಕ್ಕೂ ಆಯಿತು ಎಂಬುದು. ಗಟ್ಟಿ ನೆಲದಲ್ಲಿ, ಚರಂಡಿ ತೋಡಲು, ಟಿಪ್ಪರ್ ತುಂಬಲು ಅದು ನಿಜಕ್ಕೂ ಉಪಕಾರಿ. ಆದರೆ ಕೆರೊಲಿನಾಗಳಿಂದ ಅಟ್ಲಾಂಟಾದವರೆಗೂ ಹಬ್ಬಿರುವ ಕೆಮ್ಮಣ್ಣಿನ ಜೇಡಿ ಮಳೆಗೆ ನೆನೆದರೆ ಟಯರುಗಳು ಹೂತುಹೋಗುತ್ತವೆ. ಚೈನಿನ ಯಂತ್ರ ಭಾರವನ್ನು ಹರಡಿ ನಿಲ್ಲುತ್ತದೆ, ಆದರೂ ದೂರದ ಓಡಾಟಕ್ಕೆ ನಿಧಾನ. ಅದೇ ಜೇಡಿ ಉಂಡೆಗಟ್ಟಿ ಚಿನ್ನದ ಕಣಗಳನ್ನು ಬಿಗಿಹಿಡಿದರೆ ತೊಳೆಯುವ ವೇಗವೂ ಕುಗ್ಗುತ್ತದೆ. ಹೀಗೆ ನೆಲದ ಗುಣವೇ ಅಗೆಯುವ, ತೊಳೆಯುವ ಎರಡೂ ಯಂತ್ರಗಳನ್ನು ಆರಿಸುತ್ತದೆ.

ಮೂರನೆಯದು, ಹೊಸದೇ ಸುರಕ್ಷಿತ ಎಂಬುದು. ವಾರಂಟಿ ನಿಜ, ಡೀಸೆಲ್ ಉಳಿತಾಯವೂ ಇರಬಹುದು. ಆದರೆ ಸೆನ್ಸರ್ ಕೈಕೊಟ್ಟಾಗ ಲ್ಯಾಪ್‌ಟಾಪ್ ಹಿಡಿದ ತಂತ್ರಜ್ಞ ಕಾಡಿನ ಗಣಿಗೆ ಎಷ್ಟು ದಿನಕ್ಕೆ ತಲುಪುತ್ತಾನೆ? ಇಂಥ ಯಂತ್ರ ತಯಾರಿಸುವ ಬಿಇಎಂಎಲ್ ಕಾರ್ಖಾನೆಯೇ ಇರುವ ಕೆಜಿಎಫ್‌ನ ಲೆಕ್ಕ ಅಲ್ಲಿಗೆ ಹೊಂದದು. ಸ್ಥಳೀಯ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ, ಸರಿಯಾಗಿ ಪರೀಕ್ಷಿಸಿ ಕೊಂಡ ಹಳೆಯ ಯಂತ್ರ ಅಂಥಲ್ಲಿ ಹೆಚ್ಚು ಭದ್ರವಿರಬಹುದು. ಹಳೆಯದೆಲ್ಲ ಒಳ್ಳೆಯದೆಂದು ಇದರರ್ಥವಲ್ಲ. ಹೈಡ್ರಾಲಿಕ್ ಪಂಪು ಸವೆದಿದ್ದರೆ ಅಗ್ಗದ ಬೆಲೆಯೂ ದುಬಾರಿಯೇ.

ಆದ್ದರಿಂದ ನನ್ನ ಸಲಹೆ ಕ್ರಮದ ಬಗ್ಗೆ. ಮೊದಲು ಚಿನ್ನದ ಪ್ರಮಾಣ, ನೀರು, ತೊಳೆಯುವ ಇಲ್ಲವೇ ಪುಡಿಮಾಡುವ ವೇಗ, ಆಮೇಲೆ ಮಣ್ಣು ಸಾಗಿಸುವ ದೂರ, ರಿಪೇರಿಯ ಅನುಕೂಲ, ಕೊನೆಗೆ ಯಂತ್ರ. ಈ ದಾರಿಯಲ್ಲಿ ಬಂದವರೂ ದೊಡ್ಡ ಹಿಟಾಚಿಯನ್ನೇ ಆರಿಸಬಹುದು. ಆಗ ಮಾತ್ರ ಆ ಆಯ್ಕೆಗೆ ಅಳತೆಯ ಆಧಾರವಿರುತ್ತದೆ, ಸಾಲದ ಕಂತು ಕಟ್ಟುವಷ್ಟು ಕೆಲಸವೂ ಯಂತ್ರಕ್ಕಿರುತ್ತದೆ.