ಕಣ್ಣು ಮುಚ್ಚಿ ಆಡಿ ನೋಡಿ

ಯಾವ ಗೇಮ್ ಚೆನ್ನಾಗಿದೆ ಎಂದು ನಮ್ಮ ಕ್ಲಾಸಿನಲ್ಲಿ ಕೇಳಿದರೆ ಬರುವ ಮೊದಲ ಉತ್ತರ 'ಗ್ರಾಫಿಕ್ಸ್ ಸೂಪರ್'. ನಾನೂ ಅದನ್ನೇ ಹೇಳುತ್ತಿದ್ದೆ. ಆಡುವಾಗ ಫೋನಿನ ಸೌಂಡ್ ಪೂರ್ತಿ ಆಫ್ ಇರುತ್ತಿತ್ತು, ಏಕೆಂದರೆ ಸೌಂಡ್ ಕೇಳಿಸಿದರೆ ನಾನು ಓದುತ್ತಿಲ್ಲ ಎಂದು ಅಮ್ಮಿಗೆ ಗೊತ್ತಾಗಿಬಿಡುತ್ತದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಗೇಮ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಮೊದಲು ಕಣ್ಣು ಮುಚ್ಚಬೇಕು.

ಬದಲಾದದ್ದು ಕಳೆದ ದಸರಾ ರಜೆಯಲ್ಲಿ. ಭದ್ರಾವತಿಯಿಂದ ಖಾಲಾ ಬಂದಿದ್ದರು, ಜೊತೆಗೆ ಅವರ ಮಗ. ನನಗಿಂತ ಏಳು ವರ್ಷ ದೊಡ್ಡವರು, ನಾವೆಲ್ಲ ಭಾಯಿ ಎಂದು ಕರೆಯುತ್ತೇವೆ. ನನಗೆ ಗೇಮ್ ಆಡುವುದನ್ನು ಕಲಿಸಿದ್ದೇ ಅವರು. ಅವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ. ಮೊದಲು ರಾತ್ರಿ ಹೊತ್ತು ಕಾಣುವುದು ಕಡಿಮೆಯಾಯಿತು, ಆಮೇಲೆ ಅಕ್ಕಪಕ್ಕದ ನೋಟ ಹೋಯಿತು. ಈಗ ಕೋಣೆಯಲ್ಲಿ ಲೈಟ್ ಉರಿಯುತ್ತಿದೆಯೇ ಇಲ್ಲವೇ ಎಂಬುದಷ್ಟೇ ತಿಳಿಯುತ್ತದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಅವರ ನೋಟ ಕುಗ್ಗುತ್ತಿದ್ದ ದಿನಗಳಲ್ಲಿ, ನಾವಿಬ್ಬರೂ ಸೇರಿ ಆಡಿದರೆ ಪದೇ ಪದೇ ಸೋಲುತ್ತಿದ್ದೆವು. ಒಂದು ದಿನ ಅವರ ಕೈಯಿಂದ ಕಂಟ್ರೋಲರ್ ತೆಗೆದುಕೊಂಡು, "ನೀವು ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ ಭಾಯಿ, ನಾನು ಆಡಿ ಹೇಳ್ತೀನಿ" ಎಂದೆ. ಅವರು ನಕ್ಕು ಕೊಟ್ಟುಬಿಟ್ಟರು. ಆಮೇಲೆ ನಮ್ಮ ಮನೆಯಲ್ಲಿ ಅವರು ಕಂಟ್ರೋಲರ್ ಕೇಳಲೇ ಇಲ್ಲ.

ದಸರಾ ರಜೆಯಲ್ಲಿ ನಾನು ಬಿಜಿಎಂಐ ಆಡುತ್ತಾ ಕೂತಿದ್ದೆ. ಭಾಯಿ ಪಕ್ಕಕ್ಕೆ ಬಂದು ಇಯರ್‌ಫೋನ್ ಕೇಳಿದರು. ಎರಡೂ ಕಿವಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿನ್ನ ಬಲಗಡೆ ಒಬ್ಬ ಇದ್ದಾನೆ. ಈಗ ಹುಲ್ಲಿನಿಂದ ಮರದ ನೆಲಕ್ಕೆ ಬಂದ. ಮನೆಯೊಳಗೆ ಬಂದಿದ್ದಾನೆ, ನೋಡು" ಎಂದರು. ತಿರುಗಿದೆ. ಬಾಗಿಲಲ್ಲೇ ನಿಂತಿದ್ದ. ನೂರಾರು ಮ್ಯಾಚ್ ಆಡಿದ್ದರೂ ಆ ಗೇಮಿನಲ್ಲಿ ಹುಲ್ಲಿನ ಹೆಜ್ಜೆ ಸಪ್ಪಳ ಬೇರೆ, ಹಲಗೆಯ ಸಪ್ಪಳ ಬೇರೆ ಎಂಬುದು ನನಗೆ ಗೊತ್ತೇ ಇರಲಿಲ್ಲ!

ಇದರ ಹಿಂದಿನ ಲೆಕ್ಕ ನಮ್ಮ ಫಿಸಿಕ್ಸ್ ಪುಸ್ತಕದಿಂದಲೇ ಸಿಗುತ್ತದೆ. ಎರಡು ಕಿವಿಗಳ ನಡುವೆ ಸುಮಾರು 20 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಬಲಗಡೆಯ ಸದ್ದು ಎಡಕಿವಿಗೆ ತಲುಪುವಾಗ ಸುಮಾರು 0.6 ಮಿಲಿಸೆಕೆಂಡ್ ತಡವಾಗುತ್ತದೆ. ತಲೆ ಅಡ್ಡ ಇರುವುದರಿಂದ ಸ್ವಲ್ಪ ಮೆತ್ತಗೂ ಆಗುತ್ತದೆ. ಇಷ್ಟು ಚಿಕ್ಕ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಕಂಡುಹಿಡಿಯುತ್ತದೆ. ಸದ್ದು ಮುಂದಿನದೋ ಹಿಂದಿನದೋ, ಮೇಲಿನದೋ ಎಂದು ತಿಳಿಯಲು ಹೊರಕಿವಿಯ ಮಡಿಕೆಗಳು ನೆರವಾಗುತ್ತವೆ. ಒಳ್ಳೆಯ ಗೇಮ್ ಈ ವ್ಯತ್ಯಾಸಗಳನ್ನೆಲ್ಲ ಲೆಕ್ಕ ಹಾಕಿ ಇಯರ್‌ಫೋನಿಗೆ ಕಳಿಸುತ್ತದೆ. ಫೋನಿನ ಸ್ಪೀಕರಿನಲ್ಲಿ ಆಡಿದರೆ ಆ ಕೆಲಸವೆಲ್ಲ ನೀರುಪಾಲು.

ಗೇಮ್ ಮಾಡುವವರಿಗೆ ಸದ್ದಿನ ಶಕ್ತಿ ಮೊದಲಿನಿಂದಲೂ ಗೊತ್ತಿತ್ತು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ಮಾಡಿದ 'ಸ್ಪೇಸ್ ಇನ್‌ವೇಡರ್ಸ್'ನಲ್ಲಿ ಹಿನ್ನೆಲೆಗೆ ಇದ್ದದ್ದು ನಾಲ್ಕೇ ಸ್ವರ. ಆಟ ಮುಂದುವರಿದಂತೆ ಅದರ ವೇಗ ಏರುತ್ತದೆ, ಆಡುವವನ ಎದೆಬಡಿತವೂ ಏರುತ್ತದೆ. ಚಿತ್ರಗಳಂತೂ ಬರೀ ಚೌಕ ಚುಕ್ಕೆಗಳು. ಹೆದರಿಸಿದ್ದು ಸದ್ದು.

ಭಾಯಿಯ ಮಾತು ಕೇಳಿದ ಮೇಲೆ ನಾನು ಹುಡುಕಿಕೊಂಡು ಹೋದ ಗೇಮ್ 'ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್'. ಇಂಗ್ಲೆಂಡಿನ ಕೇಂಬ್ರಿಜ್‌ನ ನಿಂಜಾ ಥಿಯರಿ 2017ರಲ್ಲಿ ಹೊರತಂದದ್ದು. ನಾಯಕಿ ಸೆನುವಾಗೆ ಮಾನಸಿಕ ಕಾಯಿಲೆ, ಸದಾ ತಲೆಯೊಳಗೆ ಧ್ವನಿಗಳು ಮಾತಾಡುತ್ತಿರುತ್ತವೆ. ಕಿವಿ ಇರುವ ಗೊಂಬೆ ತಲೆಯೊಳಗೆ ಮೈಕ್ ಇಟ್ಟು, ನಟಿಯರು ಅದರ ಸುತ್ತ ಓಡಾಡುತ್ತಾ ಪಿಸುಗುಟ್ಟಿದ್ದನ್ನು ರೆಕಾರ್ಡ್ ಮಾಡಿದ್ದಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಸಲಹೆ ನೀಡಿದ್ದರು. ಇಯರ್‌ಫೋನ್ ಹಾಕಿ ಕೇಳಿದಾಗ ನಾನು ಎರಡು ಸಲ ನಿಜವಾಗಿಯೂ ಹಿಂದೆ ತಿರುಗಿ ನೋಡಿದೆ. ಆ ಧ್ವನಿಗಳು ಅವಳನ್ನು ಹಂಗಿಸುತ್ತವೆ, ಹೆದರಿಸುತ್ತವೆ. ಆದರೆ ಕಾಳಗದ ಹೊತ್ತಿನಲ್ಲಿ ಹಿಂದಿನಿಂದ ಏಟು ಬರುತ್ತಿದೆ ಎಂದು ಎಚ್ಚರಿಸುವುದೂ ಅವೇ. ನಂಬುವುದೋ ಬಿಡುವುದೋ ಎಂಬ ಇಕ್ಕಟ್ಟನ್ನು ಯಾವ ಗ್ರಾಫಿಕ್ಸ್ ಕಾರ್ಡೂ ಕೊಡಲಾರದು. 2018ರಲ್ಲಿ ಅದಕ್ಕೆ ಧ್ವನಿಗಾಗಿ ಬಾಫ್ಟಾ ಪ್ರಶಸ್ತಿ ಬಂತು. (ಅದು ದೊಡ್ಡವರಿಗಾಗಿ ಇರುವ ಗೇಮ್. ಆಡಿದ್ದು ಭಾಯಿಯ ಗೆಳೆಯ, ನಾನು ಪಕ್ಕದಲ್ಲಿ ಕೂತು ಕೇಳಿದೆ. ಸಂಪಾದಕ ಮಂಡಳಿಯವರು ದಯವಿಟ್ಟು ಗಮನಿಸಬೇಕು.)

ನಮ್ಮಲ್ಲಿ ಕೆಲವರು ಸೆಟ್ಟಿಂಗ್ಸ್‌ಗೆ ಹೋಗಿ ಮ್ಯೂಸಿಕ್ ಆಫ್ ಮಾಡಿ, ಉಳಿದ ಸದ್ದು ಇಟ್ಟುಕೊಂಡು ಆಡುತ್ತಾರೆ. ನನ್ನ ಬೆಂಚಿನ ಗೆಳೆಯನೂ ಹಾಗೆಯೇ. ಮೊದಲು ನಾನು ನಗುತ್ತಿದ್ದೆ. ಈಗ ಅವನಿಗೇ ಹೆಚ್ಚು ಕೇಳಿಸುತ್ತದೆ ಎಂದು ಒಪ್ಪುತ್ತೇನೆ. ಬಾಗಿಲ ಕಿರುಗುಟ್ಟುವಿಕೆ, ದೂರದ ಗಾಡಿ, ಬಂದೂಕಿಗೆ ಗುಂಡು ತುಂಬುವ ಸದ್ದು, ಎಲ್ಲವೂ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಸದ್ದನ್ನು ಇಷ್ಟು ಚೆನ್ನಾಗಿ ಕಟ್ಟಬಹುದಾದರೆ ಭಾಯಿಯಂಥವರು ಹೊರಗೆ ಏಕೆ ಕೂರಬೇಕು? 1997ರಲ್ಲೇ ಜಪಾನಿನ ಕೆಂಜಿ ಎನೊ ಚಿತ್ರವೇ ಇಲ್ಲದ 'ರಿಯಲ್ ಸೌಂಡ್' ಎಂಬ ಗೇಮ್ ಮಾಡಿದರು. ದೃಷ್ಟಿ ಇಲ್ಲದ ಅಭಿಮಾನಿಗಳನ್ನು ಕಂಡು ಅವರಿಗೆ ಆ ಯೋಚನೆ ಬಂದಿತ್ತು. ಫ್ರಾನ್ಸಿನಲ್ಲಿ ಮಾಡಿದ 'ಎ ಬ್ಲೈಂಡ್ ಲೆಜೆಂಡ್' 2015ರಲ್ಲಿ ಮೊಬೈಲಿಗೇ ಬಂತು. ಅದರಲ್ಲಿ ಕಣ್ಣಿಲ್ಲದ ಯೋಧನಿಗೆ ಮಗಳ ದನಿಯೇ ದಾರಿ. ಪರದೆ ಮೇಲೆ ನೋಡುವಂಥದ್ದು ಏನೂ ಇಲ್ಲ.

ಇವು ಚಿಕ್ಕವು ಎನ್ನುವವರಿಗೆ 2020ರ 'ದ ಲಾಸ್ಟ್ ಆಫ್ ಅಸ್ ಪಾರ್ಟ್ 2' ಉತ್ತರ. ಪಿಎಸ್4ನ ಆ ದೊಡ್ಡ ಗೇಮಿನಲ್ಲಿ ಅಂಗವಿಕಲರಿಗೆ ನೆರವಾಗುವ 60ಕ್ಕೂ ಹೆಚ್ಚು ಸೆಟ್ಟಿಂಗ್‌ಗಳಿವೆ. ಮೆನು ತಾನೇ ಓದಿ ಹೇಳುತ್ತದೆ. ಜಿಗಿಯಲು ಒಂದು ಸದ್ದು, ಬಗ್ಗಲು ಒಂದು ಸದ್ದು, ಯಾವ ಸದ್ದಿಗೆ ಏನರ್ಥ ಎಂದು ಕೇಳಿ ಕಲಿಯಲು ಒಂದು ಪಟ್ಟಿಯೂ ಇದೆ. ಗುಂಡಿ ಒತ್ತಿದರೆ ಹೋಗಬೇಕಾದ ದಾರಿಗೆ ಮುಖ ತಿರುಗುತ್ತದೆ. ಶತ್ರು ಎಲ್ಲಿದ್ದಾನೆ ಎಂದು ಹುಡುಕಿದರೆ ಆ ದಿಕ್ಕಿನಿಂದಲೇ ಸದ್ದು ಬರುತ್ತದೆ. ಪೂರ್ತಿ ದೃಷ್ಟಿ ಇಲ್ಲದವರೂ ಇದನ್ನು ಯಾರ ಸಹಾಯವೂ ಇಲ್ಲದೆ ಮುಗಿಸಿದ್ದಾರೆ.

ಆದರೆ ನಮ್ಮ ಫೋನಿನಲ್ಲಿರುವ ಗೇಮ್‌ಗಳು? ಭಾಯಿ ವಾಟ್ಸಾಪ್, ಬ್ಯಾಂಕು, ರೈಲು ಟಿಕೆಟ್ಟು ಎಲ್ಲವನ್ನೂ ಟಾಕ್‌ಬ್ಯಾಕ್ ಕೇಳಿಕೊಂಡು ತಾವೇ ನಿಭಾಯಿಸುತ್ತಾರೆ. ಗೇಮ್ ತೆರೆದರೆ ಮಾತ್ರ ಟಾಕ್‌ಬ್ಯಾಕ್ ಮೂಕವಾಗುತ್ತದೆ. ಗುಂಡಿ, ಅಕ್ಷರ ಎಲ್ಲವನ್ನೂ ಒಂದೇ ಚಿತ್ರವಾಗಿ ಬಿಡಿಸಿರುವುದರಿಂದ ಓದಲು ಅದಕ್ಕೆ ಏನೂ ಸಿಗುವುದಿಲ್ಲ. ನಾನು ಪರೀಕ್ಷಿಸಿದ ಹನ್ನೊಂದು ಗೇಮ್‌ಗಳಲ್ಲಿ ಒಂದೂ ತನ್ನ ಮೆನುವನ್ನು ಓದಿ ಹೇಳಲಿಲ್ಲ. ಒಳಗೆ ಅಷ್ಟು ಚೆಂದದ ಹೆಜ್ಜೆ ಸಪ್ಪಳ ಇಟ್ಟು ಬಾಗಿಲಿಗೆ ಬೀಗ ಹಾಕಿದ ಹಾಗೆ.

ಎಷ್ಟು ಜನ ಅಂಧರು ಆಡುತ್ತಾರೆ, ಕಂಪನಿಗೆ ಏನು ಲಾಭ ಎಂದು ಗೆಳೆಯನೊಬ್ಬ ಕೇಳಿದ. ಬಿಜಿಎಂಐನ ಚಿಕ್ಕ ಮ್ಯಾಪಿನಲ್ಲಿ ಶತ್ರು ನಡೆದಾಗ ಹೆಜ್ಜೆ ಗುರುತು ಮೂಡುತ್ತದಲ್ಲ, ಕಿವಿ ಕೇಳಿಸದವರಿಗೆ ಅದರಿಂದ ಎಷ್ಟು ಉಪಯೋಗ! ಅದನ್ನು ನೋಡದೆ ಆಡುವವನು ನಮ್ಮ ಕ್ಲಾಸಿನಲ್ಲಿ ಒಬ್ಬನಾದರೂ ಇದ್ದಾನೆಯೇ? ಅವನು ಆಮೇಲೆ ಮಾತಾಡಲಿಲ್ಲ.

ವಾರ್ಷಿಕೋತ್ಸವದ ಗೇಮಿಂಗ್ ಸ್ಪರ್ಧೆ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಈ ವರ್ಷ ಒಂದು ಸುತ್ತನ್ನು ಕಣ್ಣಿಗೆ ಬಟ್ಟೆ ಕಟ್ಟಿ ಆಡಿಸಿ. ಚಿತ್ರವಿಲ್ಲದ ಗೇಮ್ ಒಂದು, ಇಯರ್‌ಫೋನ್ ಎರಡು ಸಾಕು, ಪ್ರೊಜೆಕ್ಟರ್ ಬಾಡಿಗೆಯೂ ಉಳಿಯುತ್ತದೆ. ನಮ್ಮ ಊರಿನಲ್ಲಿ ದೃಷ್ಟಿ ಇಲ್ಲದ ಹುಡುಗರಿದ್ದರೆ ಅವರನ್ನೂ ಕರೆಯಿರಿ, ಆದರೆ ಪ್ರೇಕ್ಷಕರಾಗಿ ಅಲ್ಲ. ವಾಲ್ಯೂಮ್ ಮಾತ್ರ ಹದದಲ್ಲಿರಲಿ. ವಾರಕ್ಕೆ 40 ಗಂಟೆಯಾದರೆ ದೊಡ್ಡವರಿಗೂ 80 ಡೆಸಿಬಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಮಾಮಾ ದಮ್ಮಾಮ್‌ನಿಂದ ತಂದಿದ್ದ ನಮ್ಮ ಪಿಎಸ್4 ಈಗ ಭದ್ರಾವತಿಯಲ್ಲಿದೆ. ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಇರಲಿ ಎಂದು ನಾನೇ ಕಳಿಸಿದೆ, ಅಮ್ಮಿಗೆ ಆಶ್ಚರ್ಯವೋ ಆಶ್ಚರ್ಯ. ಕಳೆದ ಶುಕ್ರವಾರ ಭಾಯಿ ಫೋನ್ ಮಾಡಿದ್ದರು. 'ಲಾಸ್ಟ್ ಆಫ್ ಅಸ್'ನಲ್ಲಿ ಸಿಯಾಟಲ್‌ನ ಎರಡನೇ ದಿನಕ್ಕೆ ಬಂದಿದ್ದಾರಂತೆ. ಮುಂದೆ ಏನಾಯಿತು ಎಂದು ಹೇಳಲು ಹೊರಟರು. ಬೇಡ ಭಾಯಿ, ಪರೀಕ್ಷೆ ಮುಗಿದ ಕೂಡಲೇ ನಾನೇ ಬರುತ್ತೇನೆ, ನೀವು ಆಡಿ, ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ ಎಂದೆ.